ರವಾನೆಗೂ ಮೊದಲೇ ಆನ್‌ಲೈನ್ ಆರ್ಡರ್ ರದ್ದು ಮಾಡಿದರೆ ರದ್ದತಿ ಶುಲ್ಕ ಮುರಿದುಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಪೀಠೋಪಕರಣ ಮಾರುವ ಸಂಸ್ಥೆಯೊಂದರ ಸ್ವಂತ ಜಾಲತಾಣದಲ್ಲಿ ರಾತ್ರಿ 18,400 ರೂಪಾಯಿಯ ಸೋಫಾ ಆರ್ಡರ್ ಮಾಡಿ, ಯುಪಿಐ ಮೂಲಕ ಪೂರ್ತಿ ಹಣ ಕಟ್ಟಿದ್ದೀರಿ. ಬೆಳಿಗ್ಗೆ ಅಳತೆ ಹಿಡಿದು ನೋಡಿದಾಗ ಅದು ನಡುಮನೆಯ ಬಾಗಿಲಲ್ಲಿ ತೂರುವುದಿಲ್ಲವೆಂದು ತಿಳಿದು, ಒಂಬತ್ತು ಗಂಟೆಗೆಲ್ಲ ರದ್ದು ಮಾಡಿದ್ದೀರಿ. ಸೋಫಾ ಇನ್ನೂ ಗೋದಾಮಿನಲ್ಲೇ ಇದೆಯೆಂದು ಅವರೇ ಚಾಟ್‌ನಲ್ಲಿ ಒಪ್ಪಿಕೊಂಡಿದ್ದಾರೆ, ಆದರೂ ಶೇ. 10ರಂತೆ 1,840 ರೂಪಾಯಿ ಮುರಿದುಕೊಂಡು, ಉಳಿದ 16,560 ರೂಪಾಯಿಯನ್ನು ತಮ್ಮ ಜಾಲತಾಣದ ವಾಲೆಟ್‌ಗೆ ಹಾಕುವುದಾಗಿ ಹೇಳುತ್ತಿದ್ದಾರೆ. ‘ಗ್ರಾಹಕರಿಗೆ ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕಿದೆಯಲ್ಲವೇ?’ ಎಂದು ಕೇಳಿದ್ದೀರಿ.

ನಾನು ವಕೀಲನಲ್ಲ. ಇಂಥದ್ದೇ ತಗಾದೆಯಲ್ಲಿ ಒಮ್ಮೆ ಸಿಕ್ಕಿಕೊಂಡು, ಹಟಕ್ಕೆ ಬಿದ್ದು ಕಾಯ್ದೆ ಮತ್ತು ನಿಯಮಗಳನ್ನು ಓದಿದವನು. ನನ್ನ ಅಭಿಪ್ರಾಯದಲ್ಲಿ ಅವರು ಆ ಶುಲ್ಕವನ್ನು ಮುರಿದುಕೊಳ್ಳುವಂತಿಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ಹಣವನ್ನು ವಾಲೆಟ್‌ಗೆ ತಿರುಗಿಸುವಂತೆಯೂ ಇಲ್ಲ. ಆದರೆ ಅದಕ್ಕೆ ಕಾರಣ ನೀವು ಹೇಳಿದ ಹಕ್ಕಲ್ಲ. ಯುರೋಪಿನಲ್ಲಿ ನೆಲೆಸಿರುವ ನೆಂಟರು ಹೇಳುವ 14 ದಿನಗಳ ನಿಯಮ, ಅಂದರೆ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕಾರಣ ಕೊಡದೆ ಹಿಂದಿರುಗಿಸುವ ಅವಕಾಶ, ನಮ್ಮ ದೇಶದ ಸಾಮಾನ್ಯ ಆನ್‌ಲೈನ್ ಖರೀದಿಗೆ ಇಲ್ಲ. ಆದ್ದರಿಂದ ‘ರದ್ದು ಮಾಡುವುದು ನನ್ನ ಹಕ್ಕು’ ಎಂದಷ್ಟೇ ಬರೆದು ವಾದಕ್ಕೆ ಇಳಿದರೆ, ಅಂಥ ಹಕ್ಕು ಯಾವ ಕಲಮಿನಲ್ಲಿದೆ ತೋರಿಸಿ ಎಂದು ಅವರು ಒಂದೇ ಸಾಲಿನಲ್ಲಿ ಬಾಯಿ ಮುಚ್ಚಿಸಬಹುದು. ನಿಮ್ಮ ಬಲ ಬೇರೆ ಎರಡು ಕಡೆ ಇದೆ.

ಮೊದಲನೆಯದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈ 23ರಂದು ಪ್ರಕಟವಾದ ಈ ನಿಯಮಗಳ ನಾಲ್ಕನೆಯ ನಿಯಮದ ಎಂಟನೆಯ ಉಪನಿಯಮವು ಹೇಳುವ ಮಾತಿನ ತಾತ್ಪರ್ಯ ಇದು: ಖರೀದಿ ಖಚಿತವಾದ ಮೇಲೆ ಗ್ರಾಹಕ ರದ್ದು ಮಾಡಿದರೆ ಇ-ಕಾಮರ್ಸ್ ಸಂಸ್ಥೆ ರದ್ದತಿ ಶುಲ್ಕ ವಿಧಿಸಕೂಡದು, ಸಂಸ್ಥೆಯೇ ತನ್ನಷ್ಟಕ್ಕೆ ಆರ್ಡರ್ ರದ್ದು ಮಾಡಿದಾಗ ಅಂಥದ್ದೇ ಶುಲ್ಕವನ್ನು ತಾನೂ ಹೊರುವುದಾದರೆ ಮಾತ್ರ ವಿಧಿಸಬಹುದು. ನಿಯಮ ಶುಲ್ಕವನ್ನು ಪೂರ್ತಿ ನಿಷೇಧಿಸಿಲ್ಲ, ತಕ್ಕಡಿಯ ಎರಡೂ ತಟ್ಟೆ ಸಮನಾಗಿರಲಿ ಎಂದಿದೆ. ನನಗೆ ಇದು ಈ ನಿಯಮಾವಳಿಯ ಅತ್ಯಂತ ಜಾಣ ಸಾಲು ಎನಿಸುತ್ತದೆ, ಏಕೆಂದರೆ ಗ್ರಾಹಕ ಏನನ್ನೂ ಸಾಬೀತು ಮಾಡಬೇಕಿಲ್ಲ, ಅವರ ಷರತ್ತುಗಳ ಪುಟವನ್ನೇ ತೆರೆದು ಓದಿದರೆ ಸಾಕು. ದಾಸ್ತಾನು ಮುಗಿದರೆ, ಬೆಲೆ ತಪ್ಪಾಗಿ ಮುದ್ರಿತವಾಗಿದ್ದರೆ ಅಥವಾ ಬೇರಾವುದೇ ಕಾರಣಕ್ಕೆ ಆರ್ಡರನ್ನು ಯಾವ ಹೊಣೆಯೂ ಇಲ್ಲದೆ ರದ್ದು ಮಾಡುವ ಅಧಿಕಾರ ತಮಗಿದೆ ಎಂಬ ಸಾಲು ಇಂಥ ಪುಟಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಸಾಲು ಇದ್ದರೆ ನಿಮ್ಮಿಂದ ಶೇ. 10 ಕೇಳುವ ದಾರಿ ಅವರಿಗೆ ಅಲ್ಲಿಗೇ ಮುಚ್ಚಿತು. ನೀವು ಕೇಳಬೇಕಾದ ಪ್ರಶ್ನೆ ಒಂದೇ: ‘ಈ ಆರ್ಡರನ್ನು ನೀವೇ ರದ್ದು ಮಾಡಿದ್ದರೆ ನನಗೆ 1,840 ರೂಪಾಯಿ ಕೊಡುತ್ತಿದ್ದಿರೇ? ಕೊಡುತ್ತಿದ್ದಿರಾದರೆ ಅದು ನಿಮ್ಮ ಷರತ್ತಿನ ಯಾವ ಕಲಮಿನಲ್ಲಿದೆ?’

‘ಪ್ರೊಸೆಸಿಂಗ್ ಶುಲ್ಕ’, ‘ನಿರ್ವಹಣಾ ವೆಚ್ಚ’ ಎಂದೆಲ್ಲ ಹೆಸರು ಬದಲಿಸಿದರೂ, ರದ್ದು ಮಾಡಿದ ಕಾರಣಕ್ಕೆ ಮುರಿದುಕೊಳ್ಳುವ ಹಣ ರದ್ದತಿ ಶುಲ್ಕವೇ ಎಂಬುದು ನನ್ನ ವಾದ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಈ ಉಪನಿಯಮ ನೇರವಾಗಿ ಕಟ್ಟುವುದು ಜಾಲತಾಣ ನಡೆಸುವ ಸಂಸ್ಥೆಯನ್ನು. ಹತ್ತಾರು ಮಾರಾಟಗಾರರಿಗೆ ಜಾಗ ಕೊಡುವ ಮಾರುಕಟ್ಟೆ ತಾಣದಲ್ಲಿ ಕೊಂಡಿದ್ದರೆ, ಆ ತಾಣದ ಮೇಲೂ ಮಾರಾಟಗಾರನ ಮೇಲೂ ಬೇರೆ ಬೇರೆ ಹೊಣೆಗಳಿವೆ, ಆಗ ಹಣವನ್ನು ಯಾರು ಮುರಿದುಕೊಂಡರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ನೀವು ಮಾರುವ ಸಂಸ್ಥೆಯ ಸ್ವಂತ ತಾಣದಲ್ಲೇ ಕೊಂಡಿರುವುದರಿಂದ ಆ ಗೊಂದಲವಿಲ್ಲ.

ಎರಡನೆಯದು ಹಳೆಯ ಕಾಯ್ದೆ, 1872ರ ಭಾರತೀಯ ಕರಾರು ಕಾಯ್ದೆ. ಅದರ 5ನೆಯ ಕಲಮಿನ ಪ್ರಕಾರ, ಒಬ್ಬನು ಮುಂದಿಟ್ಟ ಪ್ರಸ್ತಾವವನ್ನು ಎದುರಿನವನು ಒಪ್ಪಿದ ಸಂದೇಶ ಅವನ ಕೈಬಿಟ್ಟು ಹೊರಡುವ ತನಕ ಪ್ರಸ್ತಾವಿಸಿದವನು ಅದನ್ನು ಹಿಂತೆಗೆದುಕೊಳ್ಳಬಹುದು. ಇದಕ್ಕೂ ನಿಮ್ಮ ಸೋಫಾಗೂ ಇರುವ ನಂಟು ತಾಣದ ಷರತ್ತುಗಳಲ್ಲೇ ಅಡಗಿರುತ್ತದೆ. ಅನೇಕ ತಾಣಗಳು ‘ನಿಮ್ಮ ಆರ್ಡರ್ ಎಂದರೆ ಕೊಳ್ಳುವ ಪ್ರಸ್ತಾವ ಮಾತ್ರ, ಆರ್ಡರ್ ತಲುಪಿದೆಯೆಂಬ ಮೇಲ್ ಅದರ ಸ್ವೀಕಾರವಲ್ಲ, ಸಾಮಾನು ರವಾನೆಯಾದ ಮೇಲ್ ಕಳುಹಿಸಿದಾಗಲೇ ಕರಾರು ಆಯಿತು’ ಎಂದು ಬರೆದುಕೊಂಡಿರುತ್ತವೆ. ದಾಸ್ತಾನು ಇಲ್ಲದಾಗ ತಾವು ಸುಲಭವಾಗಿ ಜಾರಿಕೊಳ್ಳಲೆಂದು ಅವರು ಮಾಡಿಕೊಂಡ ಈ ಏರ್ಪಾಡು ನಿಮಗೂ ಅಷ್ಟೇ ಅನ್ವಯಿಸುತ್ತದೆ: ರವಾನೆಗೆ ಮೊದಲು ಕರಾರೇ ಹುಟ್ಟಿಲ್ಲವೆಂದ ಮೇಲೆ ನೀವು ಮುರಿದದ್ದಾದರೂ ಏನನ್ನು? ಹಣ ಪಡೆದದ್ದೇ ಸ್ವೀಕಾರವೆಂದು ಅವರು 8ನೆಯ ಕಲಮನ್ನು ಮುಂದಿಡಬಹುದು. ಆದರೆ ತಮ್ಮ ಷರತ್ತಿನಲ್ಲಿ ಒಂದು ಬರೆದುಕೊಂಡು ಜಗಳದಲ್ಲಿ ಇನ್ನೊಂದು ಹೇಳುವುದಕ್ಕೆ ಹೆಚ್ಚು ಬೆಲೆ ಸಿಗದೆಂದು ನನ್ನ ನಂಬಿಕೆ.

ಆರ್ಡರ್ ಮಾಡಿದ ಗಳಿಗೆಯಲ್ಲೇ ಕರಾರು ಆಯಿತೆಂದು ಅವರ ಷರತ್ತು ಹೇಳಿದರೂ ನೀವು ಸೋತಂತಲ್ಲ. ಅದೇ ಕಾಯ್ದೆಯ 73 ಮತ್ತು 74ನೆಯ ಕಲಮುಗಳು ಕರಾರು ಮುರಿದವನಿಂದ ನ್ಯಾಯಸಮ್ಮತ ಪರಿಹಾರ ಮಾತ್ರ ಪಡೆಯಲು ಬಿಡುತ್ತವೆ. ಕರಾರಿನಲ್ಲಿ ದಂಡದ ಮೊತ್ತ ನಮೂದಾಗಿದ್ದರೆ ಅದು ಪರಿಹಾರದ ಮೇಲ್ಮಿತಿಯೇ ಹೊರತು ತಾನಾಗಿಯೇ ಸಲ್ಲುವ ಹಣವಲ್ಲ. ಗೋದಾಮಿನಲ್ಲಿ ಇದ್ದಲ್ಲೇ ಇರುವ, ನಾಳೆ ಅದೇ ಬೆಲೆಗೆ ಇನ್ನೊಬ್ಬರಿಗೆ ಮಾರಬಹುದಾದ ಸೋಫಾದಿಂದ ಅವರಿಗೆ 1,840 ರೂಪಾಯಿ ನಷ್ಟವಾಯಿತೆಂದು ತೋರಿಸುವುದು ಸುಲಭವಲ್ಲ. ನೀವು ಹೇಳಿದ ಅಳತೆಗೆ, ನೀವು ಆರಿಸಿದ ಬಟ್ಟೆ ಹೊದಿಸಿ ಮಾಡಿಸಿದ ಸೋಫಾ ಆಗಿದ್ದು, ಬಡಗಿಯು ಕೆಲಸ ಶುರು ಮಾಡಿದ್ದರೆ ನಾನು ಇಷ್ಟು ಧೈರ್ಯವಾಗಿ ಹೀಗೆ ಬರೆಯುತ್ತಿರಲಿಲ್ಲ. ಅಲ್ಲಿ ನಷ್ಟ ನಿಜವಾದದ್ದು, ಅದನ್ನು ತುಂಬಿಕೊಡುವುದು ನ್ಯಾಯವೂ ಹೌದು.

ಇಡೀ ವಾದ ನಿಂತಿರುವುದು ‘ರವಾನೆಗೂ ಮೊದಲು’ ಎಂಬ ಮಾತಿನ ಮೇಲೆ, ಆದ್ದರಿಂದ ನನ್ನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ಅಮ್ಮನಿಗೆಂದು ಒಂದು ತಾಣದಲ್ಲಿ 6,200 ರೂಪಾಯಿಯ ಗ್ರೈಂಡರ್ ಆರ್ಡರ್ ಮಾಡಿದ್ದೆ. ಸಂಜೆ ಫೋನಿನಲ್ಲಿ ವಿಷಯ ತಿಳಿದ ಅಮ್ಮ, ಹಳೆಯ ಗ್ರೈಂಡರಿನ ಕಲ್ಲಿಗೆ ಉಳಿ ಪೆಟ್ಟು ಹಾಕಿಸಿದರೆ ಇನ್ನೂ ಹತ್ತು ವರ್ಷ ಬರುತ್ತದೆ, ದುಡ್ಡು ದಂಡ ಮಾಡಬೇಡ ಎಂದು ಗದರಿಸಿದರು. ಆರ್ಡರ್ ಮಾಡಿದ ಐದನೆಯ ಗಂಟೆಯಲ್ಲಿ ರದ್ದು ಮಾಡಹೋದರೆ ಪರದೆಯ ಮೇಲೆ ‘ಷಿಪ್ಡ್’ ಎಂದು ಬಂದು ರದ್ದು ಗುಂಡಿಯೇ ಮಾಯವಾಗಿತ್ತು. ಸಂಶಯದಿಂದ ಅವರೇ ಕೊಟ್ಟಿದ್ದ ಟ್ರ್ಯಾಕಿಂಗ್ ಸಂಖ್ಯೆಯನ್ನು ಕೊರಿಯರ್ ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿದೆ. ಅಲ್ಲಿ ಇದ್ದದ್ದು ಮಾಹಿತಿ ಬಂದಿದೆ, ಪಾರ್ಸೆಲ್ ಇನ್ನೂ ಪಡೆದಿಲ್ಲ ಎಂಬರ್ಥದ ಸಾಲು. ಅಂದರೆ ಪೆಟ್ಟಿಗೆಗೆ ಅಂಟಿಸುವ ಲೇಬಲ್ ಮುದ್ರಣವಾಗಿತ್ತೇ ಹೊರತು ಪೆಟ್ಟಿಗೆ ಗೋದಾಮಿನ ಬಾಗಿಲು ದಾಟಿರಲಿಲ್ಲ. ಆ ಪುಟವನ್ನು ದಿನಾಂಕ, ಸಮಯ ಕಾಣುವಂತೆ ಚಿತ್ರ ತೆಗೆದು, ಕೂಡಲೇ ರದ್ದತಿಯ ಮೇಲ್ ಕಳುಹಿಸಿದೆ. ಮುಂದೆ ಅವರು ಸಾಗಣೆ ವೆಚ್ಚ ಮುರಿದುಕೊಳ್ಳುತ್ತೇವೆ ಎಂದಾಗ ನನ್ನನ್ನು ಕಾಪಾಡಿದ್ದು ಆ ಒಂದು ಚಿತ್ರ. ಹನ್ನೊಂದು ದಿನ ಎಳೆದಾಡಿದರೂ ಪೂರ್ತಿ ಹಣ ಬಂತು. ನಿಮ್ಮ ವಿಷಯದಲ್ಲಿ ಅವರೇ ಚಾಟ್‌ನಲ್ಲಿ ಒಪ್ಪಿಕೊಂಡಿರುವುದು ಇನ್ನೂ ಗಟ್ಟಿ ಸಾಕ್ಷ್ಯ. ಚಾಟ್ ಕಿಟಕಿ ಮುಚ್ಚಿದರೆ ಮಾತುಕತೆ ಅಳಿಸಿಹೋಗುವ ತಾಣಗಳಿವೆ, ಆದ್ದರಿಂದ ಈ ಉತ್ತರ ಓದುವುದನ್ನು ನಿಲ್ಲಿಸಿಯಾದರೂ ಮೊದಲು ಅದನ್ನು ಉಳಿಸಿಕೊಳ್ಳಿ. ಮುಂದೆ ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಇಂಥ ವಿದ್ಯುನ್ಮಾನ ದಾಖಲೆಯ ಜೊತೆ, ಅದು ಅಸಲಿ ಎಂದು ದೃಢೀಕರಿಸುವ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವನ್ನು ಕೇಳಬಹುದು, ಆದ್ದರಿಂದ ಮೂಲ ಕಡತವಿರುವ ಫೋನನ್ನು ಸದ್ಯಕ್ಕೆ ಮಾರಬೇಡಿ.

ಇನ್ನು ವಾಲೆಟ್ ವಿಚಾರ. ಪಾವತಿಗಳನ್ನು ನಡೆಸಿಕೊಡುವ ಮಧ್ಯವರ್ತಿ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿಯಲ್ಲಿ, ಗ್ರಾಹಕ ಬೇರೆ ವಿಧಾನಕ್ಕೆ ನಿರ್ದಿಷ್ಟವಾಗಿ ಒಪ್ಪದ ಹೊರತು ಮರುಪಾವತಿಯು ಹಣ ಬಂದ ಮೂಲ ವಿಧಾನಕ್ಕೇ ಹೋಗಬೇಕೆಂದಿದೆ. ಇ-ಕಾಮರ್ಸ್ ನಿಯಮಗಳು ಕೂಡ ಮರುಪಾವತಿಯನ್ನು ರಿಸರ್ವ್ ಬ್ಯಾಂಕ್ ಹೇಳಿದ ರೀತಿಯಲ್ಲಿ, ಸೂಕ್ತ ಅವಧಿಯೊಳಗೆ ಮಾಡಬೇಕೆನ್ನುತ್ತವೆ. ಅವರು ಕಳುಹಿಸುವ ‘ವಾಲೆಟ್‌ಗೆ ತಕ್ಷಣ ಪಡೆಯಿರಿ’ ಎಂಬ ಕೊಂಡಿಯನ್ನು ಒತ್ತಿದರೆ ಅದೇ ನಿಮ್ಮ ಒಪ್ಪಿಗೆಯಾಗಿಬಿಡುತ್ತದೆ, ಒತ್ತಬೇಡಿ. ಆರ್ಡರ್ ಮಾಡುವಾಗಲೇ ವಾಲೆಟ್ ಮರುಪಾವತಿಗೆ ಒಪ್ಪಿದ್ದೀರಿ ಎಂದು ಅವರು ಹೇಳಿದರೆ, ಆ ಚೌಕದಲ್ಲಿ ಗುರುತು ಹಾಕಿದ್ದು ನೀವೋ, ಅದು ಮೊದಲೇ ಹಾಕಿತ್ತೋ ಎಂದು ಕೇಳಿ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ದಾಖಲಿಸುವುದನ್ನು ಇದೇ ನಾಲ್ಕನೆಯ ನಿಯಮ ನಿಷೇಧಿಸಿದೆ. ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸುತ್ತೇನೆ. ತಡವಾದ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಿಸುವ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇರುವುದು ವಿಫಲವಾದ ವಹಿವಾಟಿಗೆ, ಅಂದರೆ ಖಾತೆಯಿಂದ ಹಣ ಹೋಗಿಯೂ ಅಂಗಡಿಗೆ ತಲುಪದಿದ್ದಾಗ. ನಿಮ್ಮ ಹಣ ಸರಿಯಾಗಿಯೇ ತಲುಪಿದೆ, ಆದ್ದರಿಂದ ಬ್ಯಾಂಕಿನ ಮೇಲೆ ಆ ಆಧಾರದಲ್ಲಿ ದೂರು ಕೊಟ್ಟು ದಿನ ಕಳೆಯಬೇಡಿ.

ಮಾಡಬೇಕಾದ ಕೆಲಸದಲ್ಲಿ ಮೊದಲನೆಯದು, ತಾಣದ ಕುಂದುಕೊರತೆ ಅಧಿಕಾರಿಗೆ ಮೇಲ್. ಗ್ರಾಹಕ ಸೇವೆಯ ಚಾಟ್‌ನಲ್ಲಿ ಎಷ್ಟು ಜಗಳವಾಡಿದರೂ ಅದು ಲೆಕ್ಕಕ್ಕೆ ಬರುವುದು ಕಷ್ಟ. ಈ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ತಾಣದಲ್ಲಿ ಪ್ರಕಟಿಸುವುದು ಕಡ್ಡಾಯ, ದೂರು ತಲುಪಿದ್ದನ್ನು ಆತ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೇಲ್‌ನಲ್ಲಿ ಕೋಪ ಬೇಡ. ಆರ್ಡರ್ ಸಂಖ್ಯೆ, ಆರ್ಡರ್ ಮಾಡಿದ ಮತ್ತು ರದ್ದು ಮಾಡಿದ ಸಮಯ, ರವಾನೆಯಾಗಿರಲಿಲ್ಲ ಎಂಬುದಕ್ಕೆ ಚಾಟ್‌ನ ಚಿತ್ರ, ನಾಲ್ಕನೆಯ ನಿಯಮದ ಎಂಟನೆಯ ಉಪನಿಯಮದ ಉಲ್ಲೇಖ, ಮೇಲೆ ಹೇಳಿದ ಆ ಒಂದು ಪ್ರಶ್ನೆ, ಮತ್ತು 18,400 ರೂಪಾಯಿ ಪೂರ್ತಿಯಾಗಿ ಹಣ ಹೋದ ಖಾತೆಗೇ ಬರಬೇಕೆಂಬ ಬೇಡಿಕೆ, ಇಷ್ಟಿದ್ದರೆ ಸಾಕು. ಜೊತೆಯಲ್ಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ; ಕನ್ನಡದಲ್ಲೂ ಮಾತನಾಡಬಹುದು. ಅದು ನ್ಯಾಯಾಲಯವಲ್ಲ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ, ಆದರೆ ಅಲ್ಲಿಂದ ಹೋದ ದೂರನ್ನು ಸಂಸ್ಥೆಯ ಬೇರೆಯ ಮೇಜಿನವರು ನೋಡುತ್ತಾರೆ ಎಂಬುದು ನಾನು ಕಂಡುಕೊಂಡದ್ದು. ನನ್ನ ಗ್ರೈಂಡರಿನ ಹಣ ಅಲುಗಿದ್ದು ಆ ಕರೆಯ ನಂತರವೇ.

ಅಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಸಂಸ್ಥೆಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಬದಲಾವಣೆಗಳಲ್ಲಿ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ದೂರಿನಲ್ಲಿ ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಮಾತುಗಳನ್ನೇ ಬಳಸಿ. ‘ಅನ್ಯಾಯದ ಕರಾರು’ ಎಂಬ ವಾದ ಆಕರ್ಷಕವಾಗಿ ಕಂಡರೂ ಅದನ್ನು ಕೇಳುವ ಅಧಿಕಾರ ಕಾಯ್ದೆಯ ಪ್ರಕಾರ ರಾಜ್ಯ ಆಯೋಗದಿಂದ ಮೇಲಕ್ಕೆ ಮಾತ್ರ ಇದೆ, ಜಿಲ್ಲೆಯಲ್ಲಿ ಅದನ್ನೆತ್ತಿದರೆ ಎದುರಿನ ವಕೀಲರಿಗೆ ಒಂದು ಆಕ್ಷೇಪಣೆಯನ್ನು ಉಚಿತವಾಗಿ ಕೊಟ್ಟಂತೆ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂಬ ಕಾಯ್ದೆಯ ಆಶಯವನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಡಿ. 1,840 ರೂಪಾಯಿಗಾಗಿ ಅಷ್ಟು ಓಡಾಟ ಬೇಕೇ ಎಂಬುದನ್ನು ನೀವೇ ನಿರ್ಧರಿಸಬೇಕು. ಮೇಲ್ ಮತ್ತು 1915, ಇವೆರಡಕ್ಕಂತೂ ನಿಮಗೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು.

ಒಂದು ಎಚ್ಚರಿಕೆ ಬಾಕಿ ಇದೆ. ತಗಾದೆ ನಡೆಯುತ್ತಿರುವಾಗಲೇ ಸೋಫಾ ನಿಮ್ಮ ಮನೆ ಬಾಗಿಲಿಗೆ ಬಂದು ನಿಲ್ಲಬಹುದು. ಆಗ ತಂದವರ ಮೇಲೆ ರೇಗಬೇಡಿ, ಒಟಿಪಿ ಮಾತ್ರ ಹೇಳಬೇಡಿ, ಏಕೆಂದರೆ ಒಟಿಪಿ ಕೊಟ್ಟರೆ ಸಾಮಾನು ಸ್ವೀಕರಿಸಿದಂತೆ ದಾಖಲಾಗುತ್ತದೆ. ಅವರ ಕಾಗದವಿದ್ದರೆ ಅದರ ಮೇಲೆ ‘ರವಾನೆಗೂ ಮೊದಲೇ ರದ್ದು ಮಾಡಿದ ಆರ್ಡರ್, ಸ್ವೀಕರಿಸಿಲ್ಲ’ ಎಂದು ದಿನಾಂಕ ಸಹಿತ ಬರೆದು, ಒಂದು ಚಿತ್ರ ತೆಗೆದುಕೊಂಡು, ಬಂದ ಗಾಡಿಯಲ್ಲೇ ಅದನ್ನು ಹಿಂದಕ್ಕೆ ಕಳುಹಿಸಿ.