ಎಂಟೂ ಚಿತ್ರ ಹಾಕಬೇಕಾ?

ವರ್ಷದ ಕೊನೆಯ ಪ್ರದರ್ಶನಕ್ಕೆ ಎಂಟು ತೈಲಚಿತ್ರ ಇವೆ, ಎರಡು ಇನ್ನೂ ಒಣಗಿಲ್ಲ, ಎಲ್ಲಾ ಹಾಕಲಾ ಅಂತ ಕೇಳಿದ್ದೀರಿ. ಬೇಡ, ಐದು ಸಾಕು. ಹೋದ ವರ್ಷ ನಾನು ಹನ್ನೊಂದು ತೂಗುಹಾಕಿದ್ದೆ. ಗೋಡೆ ಚಿಕ್ಕಪೇಟೆ ಸೀರೆ ಅಂಗಡಿ ಥರ ಕಂಡಿತು!

ತೈಲವರ್ಣ ನೀರಿನ ಬಣ್ಣದ ಹಾಗೆ ಆರುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ದಪ್ಪ ಬಳಿದಿದ್ದರೆ ವಾರಗಳೇ ಬೇಕು. ಆತುರಕ್ಕೆ ಬಿದ್ದು ಹೇರ್ ಡ್ರೈಯರ್ ಹಿಡಿಯಬೇಡಿ, ಮೇಲ್ಪದರ ಬಿಗಿದು ಆಮೇಲೆ ಬಿರುಕು ಬಿಡಬಹುದು. ವಾರ್ನಿಷ್ ಅಂತೂ ಈಗ ಬೇಡವೇ ಬೇಡ.

ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬರಲಿ. ಒಮ್ಮೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ, ಚಿತ್ರಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಸುಮ್ನೆ ನೋಡಿ ಬನ್ನಿ. ಮೊಳೆ ಮಾತ್ರ ಜಾಸ್ತಿ ತನ್ನಿ, ಕೊನೇ ದಿನ ಎಲ್ಲರೂ ನಿಮ್ಮನ್ನೇ ಕೇಳುತ್ತಾರೆ.