ಕಾಸಿದರೆ ಲೆಕ್ಕ ಸಿಗುತ್ತದೆ, ಒತ್ತಿದರೆ ಕೈಕೊಡುತ್ತದೆ

ಪ್ರಶ್ನೆ: ಲಕ್ಷ ಕೋಟಿ ಡಿಗ್ರಿ ಬಿಸಿಯ ಕ್ವಾರ್ಕ್ ದ್ರವ್ಯವನ್ನು ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಾರಂತೆ. ಹಾಗಾದರೆ ನ್ಯೂಟ್ರಾನ್ ನಕ್ಷತ್ರದ ಹೊಟ್ಟೆಯಲ್ಲಿ ಏನಿದೆ ಅಂತಲೂ ಅದರಲ್ಲೇ ನೋಡಿಬಿಡಬಹುದಲ್ವಾ? ಇನ್ನೂ ದೊಡ್ಡ ಕಂಪ್ಯೂಟರ್ ಬೇಕಾ?
– ಬಿಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬರೀ ದೊಡ್ಡ ಕಂಪ್ಯೂಟರ್ ತಂದರೆ ಆಗುವ ಕೆಲಸ ಅಲ್ಲ ಇದು. ತೊಡಕು ಇರುವುದು ಗಣಿತದಲ್ಲೇ.

ಮೊದಲು ಬಿಸಿಯ ವಿಷಯ. ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿರುವ ಪುಟ್ಟ ಕಣಗಳೇ ಕ್ವಾರ್ಕ್‌ಗಳು. ಅವುಗಳನ್ನು ಹಿಡಿದಿಡುವ ಬಲ ತುಂಬಾ ಜೋರು, ಕಾಗದದ ಮೇಲೆ ಸಮೀಕರಣ ಬಿಡಿಸಲು ಆಗುವುದಿಲ್ಲ. 1974ರಲ್ಲಿ ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ ಒಂದು ಉಪಾಯ ತೋರಿಸಿದರು: ಜಾಗವನ್ನೂ ಕಾಲವನ್ನೂ ಬಿಂದುಗಳ ಲ್ಯಾಟಿಸ್, ಅಂದರೆ ಚೌಕಳಿ ಜಾಲ, ಮಾಡಿಬಿಡಿ. ಜಾಗದ ಮೂರೂ ದಿಕ್ಕಿಗೆ 32 ಬಿಂದು, ಕಾಲದ ದಿಕ್ಕಿಗೆ 8 ಅಂತ ಇಟ್ಟುಕೊಂಡರೆ ಒಟ್ಟು 2,62,144 ಬಿಂದು, ಅವುಗಳ ನಡುವೆ 10,48,576 ಕೊಂಡಿಗಳು, ಒಂದೊಂದು ಕೊಂಡಿಯ ಮೇಲೂ ಒಂದು 3×3 ಮ್ಯಾಟ್ರಿಕ್ಸ್. ಇದು ಚಿಕ್ಕ ಲ್ಯಾಟಿಸ್, ನೆನಪಿರಲಿ! ಕಾಲದ ದಿಕ್ಕು ಗಿಡ್ಡವಾದಷ್ಟೂ ಬಿಸಿ ಜಾಸ್ತಿ. ಮ್ಯಾಟ್ರಿಕ್ಸ್‌ಗಳ ಎಲ್ಲ ಜೋಡಣೆಗಳನ್ನೂ ನೋಡಿ ಮುಗಿಸಲು ಆಗದು. ಅದಕ್ಕೆ ಸಂಭವನೀಯತೆ ಜಾಸ್ತಿ ಇರುವ ಜೋಡಣೆಗಳನ್ನು ಹೆಚ್ಚು ಸಲ ಆರಿಸಿ ಸರಾಸರಿ ತೆಗೆಯುತ್ತಾರೆ. ಇದೇ ಮಾಂಟೆ ಕಾರ್ಲೋ ವಿಧಾನ. ಪ್ರೋಟಾನ್, ನ್ಯೂಟ್ರಾನ್‌ಗಳು ಸುಮಾರು 1.8 ಲಕ್ಷ ಕೋಟಿ ಡಿಗ್ರಿಯಲ್ಲಿ ಕರಗಿ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ (ಕ್ವಾರ್ಕ್, ಅವನ್ನು ಅಂಟಿಸುವ ಗ್ಲುವಾನ್ ಕಣ ಎರಡೂ ಬಿಡಿಯಾಗಿ ಓಡಾಡುವ ದ್ರವ್ಯ) ಆಗುತ್ತವೆ, ಅದೂ ಥಟ್ಟನೆ ಅಲ್ಲ, ಮೆಲ್ಲಮೆಲ್ಲಗೆ ಅಂತ ಗೊತ್ತಾಗಿದ್ದು ಹೀಗೇ.

ಇಷ್ಟೆಲ್ಲ ನಡೆಯುವುದು ಕ್ವಾರ್ಕ್, ಅದರ ವಿರುದ್ಧ ಕಣವಾದ ಪ್ರತಿಕ್ವಾರ್ಕ್ ಎರಡೂ ಸಮ ಇದ್ದಾಗ. ನ್ಯೂಟ್ರಾನ್ ನಕ್ಷತ್ರ ಅಂದರೆ ಸತ್ತ ದೊಡ್ಡ ನಕ್ಷತ್ರದ ಒತ್ತಿ ಹಿಡಿದಂಥ ತಿರುಳು; ಅದರೊಳಗೆ ಕ್ವಾರ್ಕ್‌ಗಳದೇ ದರ್ಬಾರು. ಆಗ ಪ್ರತಿ ಜೋಡಣೆಯ ತೂಕ, ಅಂದರೆ ಅದನ್ನು ಎಷ್ಟು ಸಲ ಆರಿಸಬೇಕು ಅಂತ ಹೇಳುವ ಅಂಕಿ, ಕಾಂಪ್ಲೆಕ್ಸ್ ಸಂಖ್ಯೆ (-1ರ ವರ್ಗಮೂಲ ಬೆರೆತ ಸಂಖ್ಯೆ) ಆಗಿಬಿಡುತ್ತದೆ. ಅದನ್ನು ಸಂಭವನೀಯತೆ ಅಂತ ಹೇಗೆ ಕರೆಯುವುದು? ಬಲವಂತವಾಗಿ ಕೂಡಿಸಿದರೂ ಧನ, ಋಣ ಒಂದನ್ನೊಂದು ತಿಂದುಹಾಕುತ್ತವೆ. ಅಂಗಡಿಯಲ್ಲಿ ಕೋಟಿ ರೂಪಾಯಿ ಜಮಾ, ಕೋಟಿ ಖರ್ಚು, ಉಳಿದದ್ದು ಹತ್ತು ಪೈಸೆ ಅಂದುಕೊಳ್ಳಿ. ನಮಗೆ ಬೇಕಾದ್ದು ಆ ಹತ್ತು ಪೈಸೆಯೇ, ಆದರೆ ಲೆಕ್ಕ ಬರೆಯುವವನು ಎರಡೂ ಕಡೆ ನೂರಾರು ರೂಪಾಯಿ ಹೆಚ್ಚುಕಮ್ಮಿ ಬರೆದಿರುತ್ತಾನೆ. ಇದನ್ನೇ ಸೈನ್ ಪ್ರಾಬ್ಲಂ (ಧನ-ಋಣ ಚಿಹ್ನೆಯ ತೊಡಕು) ಅನ್ನುವುದು. ಲ್ಯಾಟಿಸ್ ದೊಡ್ಡದಾದಂತೆ ಬೇಕಾಗುವ ಸ್ಯಾಂಪಲ್‌ಗಳು ದುಪ್ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಅಂತ ಏರುತ್ತಲೇ ಹೋಗುತ್ತವೆ. ಎಂಥ ಯಂತ್ರವೂ ಸುಸ್ತು.

ಹಾಗಂತ ಯಾರೂ ಸುಮ್ನೆ ಕೂತಿಲ್ಲ. ಕ್ವಾರ್ಕ್, ಪ್ರತಿಕ್ವಾರ್ಕ್ ಸಮ ಇರುವಲ್ಲೇ ಲೆಕ್ಕ ಹಾಕಿ, ಅಲ್ಲಿಂದ ಟೇಲರ್ ಸರಣಿ ಹಿಡಿದು (ಹೌದು, ನಿಮ್ಮ ಬಿಎಸ್ಸಿಯದೇ!) ಸಾಂದ್ರತೆಯ ಕಡೆ ಸ್ವಲ್ಪ ಸ್ವಲ್ಪ ಸರಿಯುತ್ತಾರೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ಕೆಲಸ ಮಾಡಿದ ರಾಜೀವ್ ಗವಾಯ್, ಸೌರೇಂದು ಗುಪ್ತಾ ಈ ದಾರಿಯಲ್ಲಿ ಮುಂಚೆಯೇ ನಡೆದವರು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳ ಡಿಕ್ಕಿಯ ಶಕ್ತಿಯನ್ನು ಬೇಕಂತಲೇ ತಗ್ಗಿಸಿ ನೋಡಿದ್ದೂ ಹೆಚ್ಚು ಸಾಂದ್ರತೆಯ ದ್ರವ್ಯ ಸಿಗಲಿ ಅಂತಲೇ.

ಆದರೆ ಸರಣಿ ನೆಚ್ಚಿಕೊಂಡು ನಕ್ಷತ್ರದವರೆಗೆ ಹೋಗಲು ಆಗುವುದಿಲ್ಲ. ಕ್ವಾರ್ಕ್ ಲೆಕ್ಕದಲ್ಲಿ ಅದು ಬಹಳ ತಣ್ಣಗಿನ ಜಾಗ, ಸಾಂದ್ರತೆ ಮಾತ್ರ ವಿಪರೀತ. ಸದ್ಯಕ್ಕೆ ಆ ನಕ್ಷತ್ರಗಳ ತೂಕ, ಅಗಲ ಅಳೆದು, ಜೊತೆಗೆ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಹೊರಟು 2017ರಲ್ಲಿ ನಮಗೆ ಸಿಕ್ಕಂಥ ಗುರುತ್ವ ಅಲೆಗಳನ್ನು ಇಟ್ಟುಕೊಂಡು ಒಳಗಿನದನ್ನು ಊಹಿಸುತ್ತಿದ್ದಾರೆ.