ಮತ್ತೆ ಕೇಳಿದ್ರೆ ತಪ್ಪು ಅಂತ ಅಲ್ವಾ?

"ನಮ್ಮ ಮಗು ವಯಸ್ಸಿಗೆ ತಕ್ಕ ಹಂತ ತಲುಪಿಲ್ಲವಂತೆ" ಎಂದು ಶಾಲೆಯ ವರದಿ ಹಿಡಿದು ನನ್ನ ಹತ್ತಿರ ಸಲಹೆಗೆ ಬರುವ ಅಪ್ಪ-ಅಮ್ಮಂದಿರು ಜಾಸ್ತಿಯಾಗುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ ಏಳು ವರ್ಷ. ತಾತ-ಅಜ್ಜಿಯ ಜೊತೆ ಬೆಳೆದು, ಆಮೇಲೆ ಅಪ್ಪ-ಅಮ್ಮನ ಹತ್ತಿರ ಬಂದವನು. ಹೊಸ ಶಾಲೆಯಲ್ಲಿ ಅವನಿಗೆ ಪಿಯಾಜೆಯ ನೀರಿನ ಪರೀಕ್ಷೆ ಮಾಡಿದ್ದರು. ಮಕ್ಕಳ ಯೋಚನೆ ವಯಸ್ಸಿನೊಂದಿಗೆ ಹಂತ ಹಂತವಾಗಿ ಬೆಳೆಯುತ್ತದೆ ಎಂದ ಸ್ವಿಸ್ ಮನೋವಿಜ್ಞಾನಿ ಪಿಯಾಜೆ; ಲೋಟ ಬದಲಾದರೂ ನೀರು ಅಷ್ಟೇ ಎಂದು ಮಗುವಿಗೆ ತಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಎರಡು ಲೋಟದಲ್ಲಿ ಸಮವಾಗಿ ನೀರು ಹಾಕಿ, ಎರಡೂ ಒಂದೇನಾ ಎಂದು ಕೇಳಿ, ಆಮೇಲೆ ಒಂದರ ನೀರನ್ನು ಉದ್ದನೆಯ, ತೆಳ್ಳನೆಯ ಲೋಟಕ್ಕೆ ಸುರಿದು, "ಈಗಲೂ ಎರಡೂ ಒಂದೇನಾ?" ಎಂದು ಕೇಳುವುದು. "ಇಲ್ಲ, ಇದರಲ್ಲಿ ಜಾಸ್ತಿ" ಎಂದಿದ್ದ. ಇನ್ನೊಂದು ವರ್ಷ ಅದೇ ತರಗತಿಯಲ್ಲಿರಲಿ ಎಂದು ಶಾಲೆ ಹೇಳಿತು.

ನಾನು ಲೋಟಗಳನ್ನು ಅವನ ಕೈಗೇ ಕೊಟ್ಟೆ. ಸುರಿದ, ವಾಪಸ್ ಸುರಿದ. "ನೀರು ಜಾಸ್ತಿ ಆಯ್ತಾ ಪುಟ್ಟ?" ಎಂದೆ. "ಅಷ್ಟೇ ಇದೆಯಲ್ಲ" ಎಂದ. ಹಾಗಾದರೆ ಶಾಲೆಯಲ್ಲಿ ಯಾಕೆ ಬೇರೆ ಹೇಳಿದೆ?

"ಮಿಸ್ ಮೊದಲು ಕೇಳಿದಾಗ ಒಂದೇ ಅಂದೆ. ಸುರಿದ ಮೇಲೆ ಮತ್ತೆ ಅದನ್ನೇ ಕೇಳಿದ್ರು. ಮತ್ತೆ ಕೇಳಿದ್ರೆ ನಾನು ಹೇಳಿದ್ದು ತಪ್ಪು ಅಂತ ಅಲ್ವಾ?"

ಪಕ್ಕದಲ್ಲಿದ್ದ ತಾಯಿ ಮೆಲ್ಲಗೆ ಹೇಳಿದರು: "ಅವನ ತಾತ ಹಾಗೇ ಮೇಡಂ. ತಪ್ಪಾದ್ರೆ ಬೈಯಲ್ಲ, ಇನ್ನೊಂದ್ಸಲ ಕೇಳ್ತಾರೆ."

ದೊಡ್ಡವರು ಮತ್ತೆ ಕೇಳಿದರೆ ಉತ್ತರ ಬದಲಿಸಬೇಕು ಎಂಬುದನ್ನು ಈ ಮಗು ಮನೆಯಲ್ಲಿ ಚೆನ್ನಾಗಿ ಕಲಿತಿತ್ತು. ಶಾಲೆ ಅದನ್ನು ಬುದ್ಧಿಯ ಕೊರತೆ ಎಂದು ಬರೆದುಕೊಂಡಿತು.

"ಸಮಾಧಾನಕ್ಕೆ ಹೇಳ್ತಿದ್ದೀರಾ?" ಎಂದು ತಂದೆ ಕೇಳಿದರು. ಅಲ್ಲ. ಸಾಲಾಗಿಟ್ಟ ವಸ್ತುಗಳ ಜೋಡಣೆ ಬದಲಿಸಿ ಎಣಿಕೆ ಅಷ್ಟೇ ಇದೆಯೇ ಎಂದು ಕೇಳುವ ಇಂಥದ್ದೇ ಪರೀಕ್ಷೆಯಲ್ಲಿ, ಬದಲಿಸಿದ ಮೇಲೆ ಒಂದೇ ಸಲ ಕೇಳಿದರೆ ಮಕ್ಕಳು ಕಡಿಮೆ ತಪ್ಪು ಮಾಡುತ್ತಾರೆಂದು ಸಂಶೋಧಕರಾದ ರೋಸ್ ಮತ್ತು ಬ್ಲ್ಯಾಂಕ್ 1974ರಲ್ಲೇ ತೋರಿಸಿದರು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ವೊಲೊಫ್ ಸಮುದಾಯದ ಮಕ್ಕಳು ತಾವೇ ನೀರು ಸುರಿದಾಗ ಸರಿ ಉತ್ತರ ಜಾಸ್ತಿ ಬಂತೆಂದು ಮನೋವಿಜ್ಞಾನಿ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ 1966ರಲ್ಲಿ ಬರೆದರು. ಮೆಕ್ಸಿಕೋದಲ್ಲಿ ಮಡಕೆ ಮಾಡುವವರ ಮಕ್ಕಳು, ಜೇಡಿಮಣ್ಣಿನ ಆಕಾರ ಬದಲಾದರೂ ಮಣ್ಣು ಅಷ್ಟೇ ಇರುತ್ತದೆ ಎಂಬುದನ್ನು ಬೇರೆ ಮಕ್ಕಳಿಗಿಂತ ಬೇಗ ಹೇಳಿದರು. ದಿನಾ ಕೈಯಲ್ಲಿ ಆಡುವ ವಸ್ತುವಿನ ಬಗ್ಗೆ ತಿಳಿವಳಿಕೆ ಬೇಗ ಬರುತ್ತದೆ. ಕೊನೆಯ ಹಂತದ ಯೋಚನೆ, ಅಂದರೆ ಕಣ್ಣ ಮುಂದೆ ಇಲ್ಲದ್ದನ್ನೂ ತರ್ಕದಿಂದ ಯೋಚಿಸುವುದು, ಜನರ ಒಲವು ಮತ್ತು ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಕ್ಷೇತ್ರದಲ್ಲಿ ಕಾಣಬಹುದು ಎಂದು ಪಿಯಾಜೆಯೇ 1972ರಲ್ಲಿ ಬರೆದಿದ್ದಾರೆ. ಹೀಗಿರುವಾಗ ವಯಸ್ಸಿನ ಪಟ್ಟಿಯೊಂದನ್ನೇ ಇಟ್ಟುಕೊಂಡು ಮಗುವಿನ ಒಂದು ವರ್ಷ ಕಿತ್ತುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಅದೇ ತರಗತಿಯಲ್ಲಿ ಕೂರಿಸಬೇಡಿ. ಪರೀಕ್ಷೆ ಇನ್ನೊಮ್ಮೆ ಮಾಡಿದರೆ ನೀರನ್ನು ಅವನೇ ಸುರಿಯಲಿ, ಪ್ರಶ್ನೆ ಒಂದೇ ಸಲ ಬರಲಿ, "ಯಾಕೆ ಹಾಗನ್ನಿಸಿತು?" ಎಂದೂ ಕೇಳಲಿ. ಉತ್ತರ ಬಾಯಿಪಾಠ ಮಾಡಿಸಬೇಡಿ. ತಾತನ ರೀತಿಯನ್ನೂ ಹಳಿಯಬೇಡಿ. "ಶಾಲೆಯಲ್ಲಿ ಮತ್ತೆ ಕೇಳಿದರೆ, ನೀನು ಹೇಗೆ ಯೋಚಿಸಿದೆ ಅಂತ ತಿಳಿಯೋಕೆ" ಎಂದು ಮಗುವಿಗೆ ಹೇಳಿಕೊಡಿ.

ಇಲ್ಲೊಂದು ಎಚ್ಚರಿಕೆ. ಈ ಹುಡುಗನ ಮಾತು, ಕಿವಿ, ದಿನದ ಕೆಲಸ ಎಲ್ಲ ಸರಿ ಇದೆಯೆಂದು ನೋಡಿಕೊಂಡೇ ಸಲಹೆ ಕೊಟ್ಟೆ. ಮಗು ಮನೆಯ ಸಣ್ಣ ಕೆಲಸಗಳಲ್ಲೂ ತಡವರಿಸುತ್ತಿದ್ದರೆ, ಬೆಳೆದ ರೀತಿಯೇ ಹಾಗೆ ಅಂದುಕೊಂಡು ಸುಮ್ನೆ ಕೂರಬೇಡಿ, ತಜ್ಞರಿಗೆ ತೋರಿಸಿ.

ಶಾಲೆ ಹುಡುಗನನ್ನು ಮುಂದಿನ ತರಗತಿಗೆ ಕಳಿಸಿತು. ಪರೀಕ್ಷೆಯ ರೀತಿ ಮಾತ್ರ ಬದಲಾಗಿಲ್ಲ. ಮೊನ್ನೆ ಅಲ್ಲಿಂದಲೇ ಇನ್ನೊಂದು ಮಗುವಿನ ವರದಿ ನನ್ನ ಮೇಜಿಗೆ ಬಂದಿದೆ. ಈ ಸಲ ಶಿಕ್ಷಕಿಯರನ್ನೂ ಮಾತಿಗೆ ಕರೆದಿದ್ದೇನೆ.